ನೂಲು ಒಂದೇ, ಕಂಡಿಕೆ ಬೇರೆ

ಎಂಟನೆಯ ತರಗತಿಯ ಕನ್ನಡ ಪ್ರಬಂಧಗಳಲ್ಲಿ ‘ಹರಿದ ಕೊಡೆಯ ಆತ್ಮಕಥೆ’ ಎಂಬುದೊಂದು ಹಳೆಯ ವಿಷಯ. ನಾವು ವಿದ್ಯಾರ್ಥಿಗಳಾಗಿದ್ದಾಗ ಅದನ್ನು ಬರೆದೆವು. ಉಪಾಧ್ಯಾಯರಾದ ಮೇಲೆ ಅದನ್ನೇ ಬರೆಸುತ್ತ ಬಂದೆವು. ಪ್ರತಿ ವರ್ಷವೂ ಅದೇ ಕೊಡೆ, ಅದೇ ಮಳೆ, ಕೊನೆಗೆ ಅದೇ ತಿಪ್ಪೆ. “ಸಾರ್, ನಮ್ಮ ಮಡಕಶಿರಾದಲ್ಲಿ ಮಳೆಯೇ ಸರಿಯಾಗಿ ಬೀಳೋದಿಲ್ಲ, ಕೊಡೆಗೆ ಇಷ್ಟೊಂದು ಕಷ್ಟ ಎಲ್ಲಿಂದ ಬಂತು?” ಎಂದು ಒಬ್ಬ ಹುಡುಗ ಕೇಳಿದ ದಿನ ನಮಗೂ ನಾಚಿಕೆಯಾಯಿತು. ಇನ್ನು ಮುಂದೆ ಕಾಣದ ಕೊಡೆಯ ಬಗ್ಗೆ ಬರೆಸುವುದು ಬೇಡ, ನಿಜವಾದ ಹಳೆಯ ವಸ್ತುವೊಂದನ್ನು ತಂದು ಮೇಜಿನ ಮೇಲಿಟ್ಟು, ಕಣ್ಣಾರೆ ಕಂಡದ್ದನ್ನು ಬರೆಯಿರಿ ಎನ್ನೋಣ ಎಂದುಕೊಂಡೆವು. ಆ ವಸ್ತು ನಮ್ಮ ಅಜ್ಜನ ಕ್ಯಾಮರಾ. ಅದರಿಂದ ಪ್ರಬಂಧವೇನೋ ಆಯಿತು. ಆದರೆ ಅದಕ್ಕೆ ಮೊದಲು ನಮ್ಮ ಕೈಯಿಂದ ಒಂದು ತಪ್ಪು ಆಯಿತು. ಆ ತಪ್ಪನ್ನೂ, ಅದನ್ನು ತಿದ್ದಿಕೊಳ್ಳಲು ಮಾಡಿದ ಪ್ರಯತ್ನವನ್ನೂ ಇಲ್ಲಿ ಬರೆಯುತ್ತೇವೆ.

ಕ್ಯಾಮರಾ ಇದ್ದದ್ದು ರಾಯದುರ್ಗದ ನಮ್ಮ ಹಿರಿಯರ ಮನೆಯಲ್ಲಿ. ಬೆಟ್ಟದ ಕಡೆಯ ಬೀದಿಯಲ್ಲಿರುವ ಮಣ್ಣಿನ ಮಾಳಿಗೆಯ ಮನೆ ಅದು. ಗೋಡೆಗಳು ದಪ್ಪ, ಬೇಸಿಗೆಯಲ್ಲೂ ಒಳಗೆ ತಂಪು. ಒಳಕೋಣೆಯ ಕಬ್ಬಿಣದ ಟ್ರಂಕಿನಲ್ಲಿ ಅಜ್ಜನ ಕೋಟು, ಪಂಚಾಂಗಗಳು, ಕೆಲವು ಪತ್ರಗಳು, ಅವುಗಳ ಕೆಳಗೆ ಬಟ್ಟೆ ಸುತ್ತಿಟ್ಟ ಈ ಕ್ಯಾಮರಾ. ಅಜ್ಜ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. ಅವರು ಕೆಲಸಕ್ಕೆ ಸೇರಿದಾಗ ರಾಯದುರ್ಗವು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಅಜ್ಜ ಮನೆ ಬದಲಿಸಲಿಲ್ಲ, ಶಾಲೆ ಬದಲಿಸಲಿಲ್ಲ, ಮಾತು ಬದಲಿಸಲಿಲ್ಲ. ರಾಜ್ಯ ಮಾತ್ರ ಬದಲಾಯಿತು. ಕ್ಯಾಮರಾವನ್ನು ಅವರು ಅದಕ್ಕೂ ಮುಂಚೆಯೇ, ಯಾರೋ ಬಳಸಿ ಬಿಟ್ಟದ್ದನ್ನು, ಬಳ್ಳಾರಿಯಲ್ಲಿ ಕೊಂಡಿದ್ದರಂತೆ.

ಮನೆಯಲ್ಲಿ ಈಗ ಇರುವವರು ನಮ್ಮ ಸೋದರತ್ತೆ ಒಬ್ಬರೇ. ಸಂಕ್ರಾಂತಿಗೆ ಹೋಗಿದ್ದಾಗ ನಾವು ಕೇಳಿದೆವು. ಅತ್ತೆ ಟ್ರಂಕು ತೆಗೆದು, ಕ್ಯಾಮರಾವನ್ನು ಸೆರಗಿನಿಂದ ಒರೆಸಿ ಕೊಟ್ಟರು. “ಅಪ್ಪಂದು. ಜ್ವಾಪಾನ” ಎಂದರು, ಅಷ್ಟೆ.

ಮಡಿಸಿಟ್ಟಾಗ ಅದು ದಪ್ಪನೆಯ ಪುಸ್ತಕದಷ್ಟು ದೊಡ್ಡದು. ಮೇಲೆ ಕಪ್ಪು ಹೊದಿಕೆ. ಅಂಚುಗಳು ಸವೆದು ಒಳಗಿನ ಲೋಹ ಕಾಣುತ್ತದೆ. ಒಂದು ಗುಂಡಿಯೊತ್ತಿದರೆ ಮುಂದಿನ ಬಾಗಿಲು ಕೆಳಕ್ಕೆ ತೆರೆದು, ಹಾರ್ಮೋನಿಯಂನ ತಿದಿಯಂತೆ ಮಡಿಕೆ ಮಡಿಕೆಯಾದ ಕಪ್ಪು ಚೀಲ ಹೊರಚಾಚುತ್ತದೆ. ಅದರ ತುದಿಯಲ್ಲಿ ಗಾಜಿನ ಕಣ್ಣು. ಕಣ್ಣಿನ ಸುತ್ತ 25, 50, 100 ಎಂಬ ಅಂಕಿಗಳು. ಒಂದು ಕಡೆ ಕೊಡ್ಯಾಕ್ ಎಂದೂ ಸಿಕ್ಸ್-20 ಎಂದೂ ಕೆತ್ತಿದ ಅಕ್ಷರ. ಬೆನ್ನಿನ ಮೇಲೆ ಕುಂಕುಮದ ಬೊಟ್ಟಿನಷ್ಟು ಅಗಲದ ಒಂದು ಕೆಂಪು ಕಿಟಕಿ.

ತರಗತಿಯಲ್ಲಿ ಮಕ್ಕಳು ಸುತ್ತ ಮುತ್ತಿಕೊಂಡರು. ಕೊಡೆಯ ಬಗ್ಗೆ ಕೇಳಿದ್ದ ಅದೇ ಹುಡುಗ ಕೆಂಪು ಕಿಟಕಿಗೆ ಕಣ್ಣಿಟ್ಟು, “ಸಾರ್, ಇದರೊಳಗೆ ಆರು ಅಂತ ಐತೆ. ಯಾಕೆ ಸಾರ್?” ಎಂದ.

“ಅದೇನೋ ಕಂಪೆನಿಯ ನಂಬರು ಇರಬೇಕು, ಕೂತುಕೋ” ಎಂದೆವು.

ವಾಚಕರೇ, ಇಪ್ಪತ್ತು ವರ್ಷ ಪಾಠ ಹೇಳಿದವರು ಆಡುವ ಮಾತಲ್ಲ ಇದು. ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ‘ತಿಳಿಯದು, ನೋಡೋಣ’ ಎನ್ನಬೇಕೆಂದು ತರಬೇತಿ ಕಾಲೇಜಿನಲ್ಲಿ ನಮಗೆ ಕಲಿಸಿದ್ದರು. ನಾವು ಹಾಗೆ ಹೇಳಲಿಲ್ಲ. ಒಳಗಿನ ಯಂತ್ರ ತೋರಿಸುವ ಉತ್ಸಾಹದಲ್ಲಿ ಬೆನ್ನಿನ ಮುಚ್ಚಳವನ್ನು ತೆರೆದೆವು. ಒಳಗೆ ಎರಡು ಕಡೆ ಎರಡು ಸುರುಳಿ, ನಡುವೆ ಕಾಗದ. “ನೋಡಿ, ಧೂಳು ಹೋಗದಂತೆ ಕಾಗದ ಸುತ್ತಿದ್ದಾರೆ” ಎನ್ನುತ್ತ ಒಂದು ಸುರುಳಿಯನ್ನು ಹೊರತೆಗೆದು ಎಳೆದೆವು. ಕಾಗದ ಬಿಚ್ಚಿಕೊಂಡಿತು. ಕಾಗದದ ಜೊತೆಗೆ ಬೂದು ಬಣ್ಣದ, ನುಣುಪಾದ ಇನ್ನೊಂದು ಪಟ್ಟಿಯೂ ಬಂತು. ಕಿಟಕಿಯಿಂದ ಹನ್ನೊಂದು ಗಂಟೆಯ ಬಿಸಿಲು ನೇರವಾಗಿ ಅದರ ಮೇಲೆ ಬಿತ್ತು.

“ಸಾರ್, ಅದು ರೀಲಲ್ಲವಾ?” ಎಂದ ಆ ಹುಡುಗ.

ನಾವು ಗಾಬರಿಯಿಂದ ಮತ್ತೆ ಸುತ್ತಿ ಮುಚ್ಚಿದೆವು. ಆದರೆ ಬಿಸಿಲು ಬಿದ್ದಾಗಿತ್ತು. ಕಿಟಕಿಯಲ್ಲಿ ಕಾಣುತ್ತಿದ್ದ ‘ಆರು’ ಕಂಪೆನಿಯ ನಂಬರಲ್ಲ. ಐದು ಚಿತ್ರ ತೆಗೆದಾಗಿದೆ, ಆರನೆಯದಕ್ಕೆ ಸಿದ್ಧವಾಗಿದೆ ಎಂದು ಅಜ್ಜನ ಕ್ಯಾಮರಾ ಹೇಳುತ್ತಿದ್ದ ಮಾತು. ಅದನ್ನು ಓದಿದವನು ಹುಡುಗ, ಓದದವರು ನಾವು.

ಸಂಜೆ ರಾಯದುರ್ಗಕ್ಕೆ ಫೋನು ಮಾಡಿ ಅತ್ತೆಗೆ ಹೇಳಿದೆವು. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, “ಅದನ್ನ ಯಾವತ್ತೋ ತೊಳೆಸಿದ್ದರು ಅಂತ ತಿಳಕೊಂಡಿದ್ದೆ. ನಾನು ಆಗ ಹೈಸ್ಕೂಲು. ಒಂದೇ ದಿನ ಐದು ತೆಗೆದರು. ಅದರಾಗೆ ಒಂದು ಅಮ್ಮಂದು. ಕುರ್ಚಿ ಮೇಲೆ ಕೂಡಿಸಿ ತೆಗೆದರು. ಆ ವರ್ಷವೇ ಅಪ್ಪ ಹೋದರು” ಎಂದರು. ಅತ್ತೆ ಬೈಯಲಿಲ್ಲ, ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತೇನೋ. ನಮ್ಮ ಅಜ್ಜಿಯನ್ನು ನಾವು ಕಂಡವರಲ್ಲ. ಮನೆಯಲ್ಲಿ ಆಕೆಯದೊಂದು ಚಿತ್ರವೂ ಇಲ್ಲ. ಊರಿನವರ, ಶಾಲೆಯವರ ಚಿತ್ರಗಳನ್ನು ಅಜ್ಜ ತೆಗೆದಿದ್ದರು. ಹೆಂಡತಿಯನ್ನು ಕೂರಿಸಿ ತೆಗೆದದ್ದು ಅದೊಂದೇ ಸಲ. ಅರವತ್ತು ವರ್ಷ ಕತ್ತಲಲ್ಲಿ ಕಾದಿದ್ದ ಆ ಚಿತ್ರವನ್ನು ನಾವು ಪಾಠೋಪಕರಣವೆಂದು ಬಿಸಿಲಿಗೆ ಹಿಡಿದಿದ್ದೆವು.

ಮರುದಿನವೇ ಹಿಂದೂಪುರಕ್ಕೆ ಹೋದೆವು. ಅಲ್ಲಿ ಒಬ್ಬ ಹಿರಿಯ ಛಾಯಾಗ್ರಾಹಕರಿದ್ದಾರೆ. ಸ್ಟುಡಿಯೋವನ್ನು ಮಗ ನೋಡಿಕೊಳ್ಳುತ್ತಾನೆ. ಹಿಂಬದಿಯ ಹಳೆಯ ಡಾರ್ಕ್‌ರೂಮನ್ನು ಮಾತ್ರ ಅವರು ಯಾರಿಗೂ ಮುಟ್ಟಗೊಡುವುದಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಮಾತು. ಕಪ್ಪು ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕ್ಯಾಮರಾವನ್ನು ನೋಡಿ, “ಎಷ್ಟು ಎಳೆದಿರಿ ಮೇಷ್ಟ್ರೇ?” ಎಂದು ಕೇಳಿದರು. ಕೈಯಳತೆ ತೋರಿಸಿದೆವು. ಅವರು ಲೆಕ್ಕ ಹಾಕಿದರು. ತೆಗೆದ ಚಿತ್ರಗಳು ಒಂದರ ಮೇಲೊಂದು ಸುತ್ತಿಕೊಳ್ಳುತ್ತ ಹೋಗುತ್ತವೆ. ಮೊದಲನೆಯದು ಎಲ್ಲಕ್ಕಿಂತ ಒಳಗೆ, ಕೊನೆಯದು ಹೊರಗೆ. ಒಂದೊಂದು ಚಿತ್ರ ಒಂಬತ್ತು ಸೆಂಟಿಮೀಟರು ಉದ್ದ. “ಐದು ಹೋಯಿತು, ನಾಲ್ಕು ಹೋಯಿತು. ಮೂರು ಅರ್ಧ. ಒಂದು, ಎರಡು ಬದುಕಿದ್ದರೆ ಬದುಕಿರಬಹುದು. ಆದರೆ ಫಿಲ್ಮಿಗೂ ಮುಪ್ಪು ಬರುತ್ತದೆ, ಆಸೆ ಇಟ್ಟುಕೋಬೇಡಿ” ಎಂದರು.

ಯಾವ ಬಗೆಯ ಫಿಲ್ಮೆಂದು ಖಚಿತವಿಲ್ಲದ್ದರಿಂದ ಕೆಂಪು ದೀಪವನ್ನೂ ಆರಿಸಿ, ಪೂರ್ತಿ ಕತ್ತಲಲ್ಲಿ ಅವರು ಕೆಲಸ ಮಾಡಿದರು. ಫಿಲ್ಮಿನ ಎರಡು ತುದಿಗಳನ್ನೂ ಎರಡು ಕೈಯಲ್ಲಿ ಹಿಡಿದು, ತೊಟ್ಟಿಲು ತೂಗುವಂತೆ ಮೇಲೆ ಕೆಳಗೆ ಆಡಿಸುತ್ತ ತಟ್ಟೆಯ ದ್ರಾವಣದಲ್ಲಿ ಅದ್ದುವುದು ಹಳೆಯ ಪದ್ಧತಿ. ದ್ರಾವಣ ಬಿಸಿಯಾದರೆ ಹಳೆಯ ಫಿಲ್ಮು ಪೂರ್ತಿ ಮಂಕಾಗುತ್ತದೆಂದು ಮಣ್ಣಿನ ಮಡಕೆಯ ತಣ್ಣೀರನ್ನು ಬಳಸಿದರು. ಮಂಕು ತಡೆಯಲು ಒಂದು ಚಿಟಿಕೆ ಪೊಟ್ಯಾಸಿಯಂ ಬ್ರೋಮೈಡ್ ಹಾಕಿದರು. ಆಮೇಲೆ ಹೈಪೋ. ಹೈಪೋ ಬೆಳಕು ತಾಗದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯುತ್ತದೆ, ಉಳಿಯುವುದೇ ಚಿತ್ರ. ನಾವು ಬಾಗಿಲ ಹೊರಗೆ ಬೆಂಚಿನ ಮೇಲೆ, ಫಲಿತಾಂಶಕ್ಕೆ ಕಾದ ಹುಡುಗರಂತೆ ಕುಳಿತಿದ್ದೆವು.

ಫಲಿತಾಂಶ ಹೀಗಿತ್ತು. ಐದನೆಯದು, ನಾಲ್ಕನೆಯದು ಪೂರ್ತಿ ಕಪ್ಪು. ಮೊದಲನೆಯದರಲ್ಲಿ ರಾಯದುರ್ಗದ ಬೆಟ್ಟ, ಅದರ ಮೇಲಿನ ಕೋಟೆಗೋಡೆ ತೆಳ್ಳಗೆ, ಸುಣ್ಣದ ನೀರಿನಲ್ಲಿ ಬರೆದಂತೆ. ಎರಡನೆಯದರಲ್ಲಿ ಎರಡು ಜಡೆಯ ಒಬ್ಬ ಹುಡುಗಿ, ಎದೆಗವಚಿದ ಪುಸ್ತಕಗಳು. ಅದು ನಮ್ಮ ಅತ್ತೆ. ಮೂರನೆಯದು ಕುರ್ಚಿಯ ಚಿತ್ರ. ಕ್ಯಾಮರಾವನ್ನು ನಿಲ್ಲಿಸಿ ಹಿಡಿದು ತೆಗೆದದ್ದರಿಂದ ಫಿಲ್ಮಿನ ಉದ್ದಕ್ಕೆ ಆಳು ನಿಂತಂತೆ ಬಂದಿತ್ತು. ಮೇಲಿನ ಅರ್ಧವನ್ನು ಬಿಸಿಲು ತಿಂದಿತ್ತು. ಕೆಳಗಿನ ಅರ್ಧದಲ್ಲಿ ಸೀರೆಯ ನೆರಿಗೆ, ಕುರ್ಚಿಯ ಕಾಲು, ಮಡಿಲಲ್ಲಿ ಒಂದರ ಮೇಲೊಂದಿಟ್ಟ ಎರಡು ಕೈಗಳು. ಮುಖವಿರಲಿಲ್ಲ.

ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಿದೆವು. ಅತ್ತೆ ಫೋನು ಮಾಡಿ, “ಅಮ್ಮನ ಕೈಯೇ. ಬಲಗೈ ಕಿರುಬೆರಳು ಸೊಟ್ಟ ಇತ್ತು, ಅದೂ ಬಂದೈತೆ ನೋಡು” ಎಂದರು. ಇನ್ನೇನೂ ಹೇಳಲಿಲ್ಲ.

ಹೋದ ಚಿತ್ರವನ್ನು ಮರಳಿ ತರುವುದು ಯಾರಿಂದಲೂ ಆಗದು. ಆದರೆ ಅಜ್ಜ ನಿಲ್ಲಿಸಿದ ಕೆಲಸವನ್ನು ಅದೇ ಕ್ಯಾಮರಾದಿಂದ ಮುಂದುವರಿಸಬಹುದಲ್ಲ ಎಂದು ನಮಗನ್ನಿಸಿತು. ಅತ್ತೆಯ ಚಿತ್ರವನ್ನಾದರೂ ಅದರಿಂದಲೇ ತೆಗೆಯಬೇಕು. ಹಿಂದೂಪುರದ ಹಿರಿಯರನ್ನು ಕೇಳಿದೆವು. “ಆಗುತ್ತದೆ, ಆದರೆ ಇದಕ್ಕೆ ಬೇಕಾದ ಫಿಲ್ಮು ಈಗ ಹುಟ್ಟುವುದಿಲ್ಲ. ಹುಟ್ಟುವ ಫಿಲ್ಮು ಇದಕ್ಕೆ ಹಿಡಿಸುವುದಿಲ್ಲ. ನಡುವೆ ನಾವು ಸ್ವಲ್ಪ ಸಂಧಾನ ಮಾಡಬೇಕು” ಎಂದು ನಕ್ಕರು.

ಆ ಸಂಧಾನದ ಸಂಗತಿ ಇದು. ಕೊಡ್ಯಾಕ್ ಕಂಪೆನಿ 1901ರಲ್ಲಿ ತನ್ನ ಬ್ರೌನಿ ಎಂಬ ಅಗ್ಗದ ಪೆಟ್ಟಿಗೆ ಕ್ಯಾಮರಾಕ್ಕಾಗಿ ಒಂದು ಅಳತೆಯ ಸುರುಳಿ ಫಿಲ್ಮನ್ನು ತಂದಿತು. ಅದಕ್ಕೆ ಮುಂದೆ 120 ಎಂಬ ಹೆಸರಾಯಿತು. 1930ರ ದಶಕದ ಆರಂಭದಲ್ಲಿ ಅದೇ ಕಂಪೆನಿ 620 ಎಂಬ ಇನ್ನೊಂದನ್ನು ತಂದಿತು. ಎರಡರಲ್ಲೂ ಫಿಲ್ಮಿನ ಅಗಲ ಒಂದೇ, ಬೆನ್ನ ಕಾಗದ ಒಂದೇ, ಕಾಗದದ ಮೇಲಿನ ಅಂಕಿಗಳ ಜಾಗವೂ ಒಂದೇ. ವ್ಯತ್ಯಾಸವಿರುವುದು ಸುತ್ತುವ ಸ್ಪೂಲಿನಲ್ಲಿ. 620ರ ನಡುಗಂಬ ಸಣ್ಣದು. ತುದಿಯ ಬಿಲ್ಲೆಗಳ ಅಡ್ಡಳತೆಯೂ 120ರದಕ್ಕಿಂತ ಸುಮಾರು ಎರಡು ಮಿಲಿಮೀಟರು ಕಡಿಮೆ. ಕ್ಯಾಮರಾ ತೆಳ್ಳಗಾಗಲೆಂದು ಮಾಡಿದ್ದು ಇದು. ಕಾಲಕ್ರಮದಲ್ಲಿ 620 ಹಿಂದೆ ಬಿತ್ತು. 1995ರಲ್ಲಿ ಕೊಡ್ಯಾಕ್ ಅದನ್ನು ನಿಲ್ಲಿಸಿತು. 120 ಮಾತ್ರ ಇಂದಿಗೂ ತಯಾರಾಗುತ್ತಿದೆ. ನಮ್ಮಲ್ಲಿ ಅಗ್ಫಾ ಕ್ಲಿಕ್-3 ಎಂಬ ಕ್ಯಾಮರಾ ಎಷ್ಟೋ ಮನೆಗಳಲ್ಲಿತ್ತು. ಅದಕ್ಕೂ 120 ಫಿಲ್ಮೇ. ಹಾಗಾಗಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮನ್ನು ನಮ್ಮ ತಂದೆಯ ಕಾಲದವರು ಬಲ್ಲರು. ಆ ಕಾರ್ಖಾನೆ ಈಗ ಮುಚ್ಚಿದೆ. ನಾವು ಬೆಂಗಳೂರಿನಿಂದ ತರಿಸಿದ್ದು ಇಂಗ್ಲೆಂಡಿನಲ್ಲಿ ತಯಾರಾಗುವ ಇಲ್‌ಫರ್ಡ್ ಕಪ್ಪು-ಬಿಳುಪು ಫಿಲ್ಮು, ವೇಗ 125. ಒಂದು ಸುರುಳಿಗೆ ಒಂದು ಒಳ್ಳೆಯ ಅಂಗಿಯ ಬೆಲೆ. ಬರುವ ಚಿತ್ರ ಎಂಟೇ.

120ರ ಸ್ಪೂಲಿನ ಬಿಲ್ಲೆಗಳನ್ನು ಅರದಿಂದ ಉಜ್ಜಿ ಚಿಕ್ಕದು ಮಾಡಿ ತುರುಕುವವರೂ ಇದ್ದಾರಂತೆ. ಹಿರಿಯರು ಬೇಡವೆಂದರು. ಉಜ್ಜಿದ ಪುಡಿ ಫಿಲ್ಮಿನ ಮೇಲೆ ಬೀಳುತ್ತದೆ. ಬಿಲ್ಲೆ ಸವೆದರೆ ಅಂಚಿನಲ್ಲಿ ಬೆಳಕು ನುಗ್ಗುತ್ತದೆ. “ನಿಮ್ಮ ಅಜ್ಜ ನಿಮಗೆ ಎರಡು 620 ಸ್ಪೂಲು ಬಿಟ್ಟು ಹೋಗಿದ್ದಾರೆ. ಒಂದರ ಮೇಲೆ ಹೊಸ ಫಿಲ್ಮನ್ನು ಸುತ್ತಿಕೊಳ್ಳಿ, ಇನ್ನೊಂದು ಎಳೆದುಕೊಳ್ಳುವುದಕ್ಕೆ ಆಯಿತು” ಎಂದರು. ಐದೇ ಚಿತ್ರಕ್ಕೆ ನಿಂತುಹೋದ ಫಿಲ್ಮಾದ್ದರಿಂದಲೇ ಎರಡೂ ಸ್ಪೂಲುಗಳು ಕ್ಯಾಮರಾದೊಳಗೆ ಉಳಿದಿದ್ದವು.

ಸುತ್ತುವ ಕೆಲಸವನ್ನು ಪೂರ್ತಿ ಕತ್ತಲಲ್ಲಿ, ಬೆರಳಿನಿಂದಲೇ ಮಾಡಬೇಕು. ಮೊದಲು ಹೊಸ ಫಿಲ್ಮನ್ನು ಕಾಗದಸಮೇತ ಒಂದು ಖಾಲಿ 120 ಸ್ಪೂಲಿಗೆ ಬಿಚ್ಚಿಕೊಳ್ಳಬೇಕು. ಆಗ ಹಿಂದಿನ ತುದಿ ಮೇಲಕ್ಕೆ ಬರುತ್ತದೆ. ಅಲ್ಲಿಂದ 620 ಸ್ಪೂಲಿಗೆ ಸುತ್ತಿದರೆ ಎಲ್ಲ ಮತ್ತೆ ಸರಿಯಾದ ದಿಕ್ಕಿಗೆ ಕೂರುತ್ತದೆ. ತೊಡಕು ಒಂದೇ. ಫಿಲ್ಮು ಕಾಗದಕ್ಕೆ ಅಂಟಿರುವುದು ಒಂದೇ ತುದಿಯಲ್ಲಿ, ಅದೂ ಈ ಎರಡನೆಯ ಸುತ್ತಿನಲ್ಲಿ ಕೊನೆಗೆ ಬರುವ ತುದಿಯಲ್ಲಿ. ಸ್ಪೂಲಿನ ಗಾತ್ರ ಬೇರೆಯಾದ್ದರಿಂದ ಅಲ್ಲಿಗೆ ಬರುವಷ್ಟರಲ್ಲಿ ಫಿಲ್ಮು ಉಬ್ಬಿಕೊಂಡಿರುತ್ತದೆ. ಆ ಅಂಟುಪಟ್ಟಿಯನ್ನು ಮೆಲ್ಲಗೆ ಬಿಡಿಸಿ, ಉಬ್ಬನ್ನು ನೇವರಿಸಿ, ಮತ್ತೆ ಅಂಟಿಸಬೇಕು. ಬಲವಂತ ಮಾಡಿದರೆ ಫಿಲ್ಮು ಸುಕ್ಕಾಗುತ್ತದೆ.

ಅಭ್ಯಾಸಕ್ಕೆಂದು ಹಿರಿಯರು ಅವಧಿ ಮೀರಿದ ಒಂದು 120 ಸುರುಳಿಯನ್ನು ಕೊಟ್ಟಿದ್ದರು. ಈ ಸಲ ನಾವು ಬುದ್ಧಿ ಕಲಿತು ಎಲ್ಲವನ್ನೂ ಮಕ್ಕಳ ಮುಂದಿಟ್ಟೆವು. ಎರಡು ಸ್ಪೂಲುಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸವನ್ನು ನಮ್ಮ ಶೈಲಿಯಲ್ಲಿ ಹತ್ತು ನಿಮಿಷ ವಿವರಿಸಿದೆವು. ಮಗ್ಗದ ಮನೆಯ ಹುಡುಗಿಯೊಬ್ಬಳು ಎದ್ದು, “ಅಷ್ಟೇನಾ ಸಾರ್? ನೂಲು ಒಂದೇ, ಕಂಡಿಕೆ ಬೇರೆ” ಎಂದಳು. ನಮ್ಮ ಹತ್ತು ನಿಮಿಷ ನಾಲ್ಕು ಮಾತಿನಲ್ಲಿ ಮುಗಿಯಿತು. ಆಮೇಲೆ ಒಬ್ಬೊಬ್ಬರಿಗೂ ಕಣ್ಣಿಗೆ ಟವೆಲು ಕಟ್ಟಿ ಸುತ್ತಿಸಿದೆವು. ಹುಡುಗರು ಅವಸರಪಟ್ಟರು, ಮನೆಯಲ್ಲಿ ಕನಕಾಂಬರ ಕಟ್ಟುವ ಹುಡುಗಿಯರ ಬೆರಳು ಸಲೀಸಾಗಿ ಓಡಿತು. ನಮ್ಮ ಸರದಿ ಬಂದಾಗ ಫಿಲ್ಮು ಎರಡು ಸಲ ಸುಕ್ಕಾಯಿತು, ತರಗತಿ ಸಂತೋಷಪಟ್ಟಿತು.

ಕ್ಯಾಮರಾದ ರಿಪೇರಿಯೂ ಅಲ್ಲೇ ನಡೆಯಿತು. ವಿಜ್ಞಾನದ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಮೊಬೈಲಿನ ದೀಪವನ್ನು ತಿದಿಯೊಳಗೆ ಇಟ್ಟು ನೋಡಿದರೆ ಮಡಿಕೆಗಳ ಮೂಲೆಯಲ್ಲಿ ಏಳು ನಕ್ಷತ್ರಗಳು ಹೊಳೆದವು! ಕಪ್ಪು ಬಣ್ಣ ಕಲಸಿದ ಅಂಟನ್ನು ಚಿಕ್ಕ ಕುಂಚದಿಂದ ಹಚ್ಚಿ, ಒಣಗಿಸಿ, ಮತ್ತೆ ನೋಡಿದೆವು, ಎರಡು ಉಳಿದಿದ್ದವು, ಮತ್ತೆ ಹಚ್ಚಿದೆವು. ಕೆಂಪು ಕಿಟಕಿಗೆ ಕಪ್ಪು ಬಟ್ಟೆಯ ಒಂದು ಮುಚ್ಚಳ ಅಂಟಿಸಿದೆವು. ಇದಕ್ಕೂ ಕಾರಣವುಂಟು. ಹಿಂದಿನ ಕಾಲದ ಫಿಲ್ಮುಗಳಲ್ಲಿ ಬಹಳಷ್ಟಕ್ಕೆ ಕೆಂಪು ಬೆಳಕು ಕಾಣುತ್ತಿರಲಿಲ್ಲ; ಆದ್ದರಿಂದ ಕೆಂಪು ಗಾಜು ಸಾಕಾಗಿತ್ತು. ಇಂದಿನ ಫಿಲ್ಮು ಎಲ್ಲ ಬಣ್ಣವನ್ನೂ ಕಾಣುತ್ತದೆ. ಕಿಟಕಿ ಬಿಸಿಲಿಗೆ ತೆರೆದಿದ್ದರೆ ಬೆನ್ನ ಕಾಗದವಿದ್ದರೂ ಅಪಾಯ. ನೆರಳಿನಲ್ಲಿ ನಿಂತು, ಮುಚ್ಚಳ ಸರಿಸಿ, ಅಂಕಿ ನೋಡಿ, ಕೂಡಲೇ ಮುಚ್ಚಬೇಕು. ಅಂಕಿ ನೋಡುವ ಅಧಿಕಾರವನ್ನು ‘ಆರು’ ಕಂಡ ಹುಡುಗನಿಗೇ ವಹಿಸಿದೆವು. ಯಾರೂ ಆಕ್ಷೇಪಿಸಲಿಲ್ಲ.

ಬೆಳಕಿನ ಲೆಕ್ಕವೂ ಸರಳವೇ. ಒಳ್ಳೆಯ ಬಿಸಿಲಿನಲ್ಲಿ ಲೆನ್ಸಿನ ರಂಧ್ರವನ್ನು 16ರ ಗುರುತಿಗಿಟ್ಟರೆ, ಫಿಲ್ಮಿನ ವೇಗ ಎಷ್ಟೋ ಸೆಕೆಂಡಿನ ಅಷ್ಟನೆಯ ಒಂದು ಭಾಗ ಷಟರು ತೆರೆದರೆ ಸಾಕು. ಫಿಲ್ಮು 125, ಕ್ಯಾಮರಾದಲ್ಲಿರುವುದು 100. ಮುದಿ ಷಟರಿಗೆ ಅಷ್ಟು ರಿಯಾಯಿತಿ ಇರಲಿ ಎಂದೆವು.

ಮೊದಲ ಚಿತ್ರ ಶಾಲೆಯ ಮುಂದೆ ಎಂಟನೆಯ ತರಗತಿಯದು. ಎರಡನೆಯದು ಮುಖ್ಯೋಪಾಧ್ಯಾಯರದು. ಮರುದಿನ ಹೇಮಾವತಿಗೆ ಹೋದೆವು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಅದು. ನಮ್ಮ ಮಕ್ಕಳಿಗೆ ಬಸ್ಸಿನ ದಾರಿಯಷ್ಟೇ ದೂರ. ದೊಡ್ಡೇಶ್ವರನ ಎದುರಿನ ನಂದಿಯ ಚಿತ್ರ ತೆಗೆದ ಮೇಲೆ ಹುಡುಗ ಅಂಕಿ ನೋಡಿ, “ಸಾರ್, ಇನ್ನೂ ಎರಡೇ ಐತೆ” ಎಂದ. ಹಿಂದಿನ ದಿನ ಕೀಲಿ ತಿರುಗಿಸಿ ಫಿಲ್ಮು ಮುಂದಕ್ಕೆ ಎಳೆಯುವುದನ್ನು ನಾವು ಮರೆತಿದ್ದೆವು. ಈ ಕ್ಯಾಮರಾ ಮರೆವಿಗೆ ಅಡ್ಡಿ ಮಾಡುವುದಿಲ್ಲ. ತೊಳೆದಾಗ ನೋಡಿದರೆ ನಂದಿಯ ಹೊಟ್ಟೆಯೊಳಗೆ ನಮ್ಮ ಮುಖ್ಯೋಪಾಧ್ಯಾಯರು ಗಂಭೀರವಾಗಿ ನಿಂತಿದ್ದರು. ಅವರು ಅದನ್ನು ಚೌಕಟ್ಟು ಹಾಕಿಸಿ ಮನೆಯಲ್ಲಿಟ್ಟುಕೊಂಡಿದ್ದಾರೆ ಎಂಬುದು ಅವರ ದೊಡ್ಡತನ. ಮೂರನೆಯದನ್ನು ಗುಡಿಯ ಒಳಗೆ, ಕಲ್ಲಿನ ಜಾಲಂಧ್ರದ ಎದುರು, ಕ್ಯಾಮರಾವನ್ನು ಕಲ್ಲಿನ ಮೇಲಿಟ್ಟು, ನಾಲ್ಕು ಎಣಿಸುವವರೆಗೆ ಷಟರು ತೆರೆದು ತೆಗೆದೆವು. ನಾಲ್ಕನೆಯದು ಎಲ್ಲ ಮಕ್ಕಳದು. ಐದನೆಯದು ಆ ಹುಡುಗನೊಬ್ಬನದೇ. ಪ್ರಶ್ನೆ ಕೇಳಿದ್ದಕ್ಕೆ ಅಷ್ಟಾದರೂ ಬಹುಮಾನ ಬೇಡವೇ?

ಅಷ್ಟಕ್ಕೆ ನಿಲ್ಲಿಸಿದೆವು. ಉಳಿದ ಮೂರು ರಾಯದುರ್ಗಕ್ಕೆ.

ಇಲ್ಲಿ ಪೋಷಕರಲ್ಲಿ ಒಂದು ಮಾತು. ‘ಕನ್ನಡದಲ್ಲಿ ಓದಿದರೆ ಮುಂದೆ ಕಾಲೇಜಿನಲ್ಲಿ ಹಿಡಿಸುತ್ತದೆಯೇ ಮೇಷ್ಟ್ರೇ?’ ಎಂದು ನೀವು ಕೇಳುತ್ತೀರಿ. ಕೇಳುವುದು ತಪ್ಪಲ್ಲ, ಮಕ್ಕಳ ಬಾಳಿನ ಪ್ರಶ್ನೆ. ನಾವೂ ಕನ್ನಡ, ತೆಲುಗು ಎರಡರಲ್ಲೂ ಕಲಿತು ಬಂದವರೇ. ಹೊಸ ಭಾಷೆಗೆ ಹೋದ ಮೊದಲ ವರ್ಷ ಕಷ್ಟವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅಂಟಿದ ತುದಿಯಲ್ಲಿ ಒಂದು ಉಬ್ಬು ಬಂದೇ ಬರುತ್ತದೆ. ಅದನ್ನು ತಾಳ್ಮೆಯಿಂದ ಬಿಡಿಸಿ ಅಂಟಿಸುವವರು ಬೇಕು. ಆದರೆ ಸುತ್ತುವುದು ಬೇರೆ ಕಂಡಿಕೆಗೆಂದು ನೂಲನ್ನೇ ಎಸೆಯಬೇಕಾಗಿಲ್ಲ. ನಿಮ್ಮ ಮಗಳೇ ನಮಗೆ ಹೇಳಿಕೊಟ್ಟ ಪಾಠ ಇದು.

ಮಡಕಶಿರಾದಿಂದ ರಾಯದುರ್ಗಕ್ಕೆ ನಾವು ಪಾವಗಡ, ಕಲ್ಯಾಣದುರ್ಗದ ಮೇಲೆ ಹೋಗುತ್ತೇವೆ. ಆಂಧ್ರದಿಂದ ಹೊರಟು, ಕರ್ನಾಟಕದ ಪಾವಗಡ ಹೊಕ್ಕು, ಮತ್ತೆ ಆಂಧ್ರ. 2022ರ ಏಪ್ರಿಲಿನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಗಡಿಗಳು ಅವುಗಳ ಪಾಡಿಗೆ ಬದಲಾಗುತ್ತಿರುತ್ತವೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕ್ಯಾಮರಾವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆವು. ಅದರ ಕಿಟಕಿಯಲ್ಲಿ ಆಗ ಇದ್ದ ಅಂಕಿ ಆರು.

ಅತ್ತೆ ಒಳ್ಳೆಯ ಸೀರೆಯುಟ್ಟು ಕಾದಿದ್ದರು. ಕುರ್ಚಿಯನ್ನು ತಾವೇ ಅಂಗಳಕ್ಕೆ ತಂದಿಟ್ಟು, “ಅವತ್ತೂ ಇಲ್ಲೇ, ಈ ಗೋಡೆಗೆ ಬೆನ್ನು ಕೊಟ್ಟು ಅಮ್ಮ ಕೂತಿದ್ದಳು” ಎಂದರು. ಕುಳಿತರು. ನಾವು ಏನೂ ಹೇಳದಿದ್ದರೂ ಅವರ ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಕುಳಿತವು. ಅಡಿಗಳನ್ನು ಅಳೆದೆವು, ಬೆಳಕು ನೋಡಿದೆವು, ಉಸಿರು ಹಿಡಿದು ಆರನೆಯ ಚಿತ್ರ ತೆಗೆದೆವು. ಈ ಸಲ ಕೂಡಲೇ ಕೀಲಿ ತಿರುಗಿಸಿದೆವು.

“ಇನ್ನು ಎಷ್ಟು ಉಳಿದಾವೆ?” ಎಂದರು ಅತ್ತೆ.

“ಎರಡು.”

“ಹಂಗಾದರೆ ನನ್ನ ಕೈದು ಒಂದು ತೆಗಿ. ಅಮ್ಮನ ಕೈ ಪಕ್ಕ ಇಡೋಣ.”

ಏಳನೆಯದು ಅದು. ಎಂಟನೆಯದು ಬೆಟ್ಟ, ಅಜ್ಜ ನಿಂತಿದ್ದಿರಬಹುದಾದ ಜಾಗದಿಂದಲೇ.

ಫಿಲ್ಮು ಪೂರ್ತಿ ಸುತ್ತಿಯಾಯಿತು. ಕ್ಯಾಮರಾವನ್ನು ಮಡಿಸಿ ಚೀಲದಲ್ಲಿಡುವಾಗ ಅತ್ತೆ ನಮ್ಮ ಕೈ ಹಿಡಿದು ನಿಲ್ಲಿಸಿದರು.

“ಈ ಸಲ ಮುಚ್ಚಳ ತೆಗೆಯೋ ಮುಂಚೆ ಆ ಹುಡುಗನ್ನ ಒಂದು ಮಾತು ಕೇಳಪ್ಪಾ” ಎಂದರು.